ತುಟಿ ನಂಬಿ ಬದುಕುವವರು: ಹಿತ್ತಾಳೆ ವಾದ್ಯದ ವೃತ್ತಿ ಕುರಿತು ಓದುಗರ ಪ್ರಶ್ನೆಗಳು

ಟ್ರಂಪೆಟ್, ಟ್ರೊಂಬೋನ್, ಹಾರ್ನ್ ಊದುತ್ತ, ಅದನ್ನೇ ಕಲಿಸುತ್ತ ಸಂಸಾರ ನಡೆಸುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಮಗ ಚರ್ಚ್ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿತಿದ್ದಾನೆ. ಪಿಯುಸಿ ಮುಗಿದಿದೆ. ಜರ್ಮನಿಯಲ್ಲಿ ಅದನ್ನೇ ಓದಿ ಆರ್ಕೆಸ್ಟ್ರಾ ಸೇರುತ್ತೇನೆ ಅನ್ನುತ್ತಾನೆ. ಅದರಿಂದ ಹೊಟ್ಟೆ ತುಂಬುತ್ತದೆಯೇ? – ಮಂಗಳೂರಿನ ಓದುಗರು

ತುಂಬುತ್ತದೆ. ಆದರೆ ಆರ್ಕೆಸ್ಟ್ರಾ ಸಂಬಳವೊಂದನ್ನೇ ನಂಬಿ ಹೊರಟರೆ ಕಷ್ಟ. ಕುರ್ಚಿಗಳ ಲೆಕ್ಕ ನೋಡಿ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲಿನವರೇ ಸುಮಾರು ಮೂವತ್ತು ಮಂದಿ. ಟ್ರಂಪೆಟ್‌ನವರು ಮೂವರೋ ನಾಲ್ವರೋ, ಫ್ರೆಂಚ್ ಹಾರ್ನ್‌ನವರು ನಾಲ್ವರೋ ಐವರೋ, ಟ್ರೊಂಬೋನ್‌ನವರು ಮೂವರು, ಟ್ಯೂಬಾದವರು ಒಬ್ಬರೇ. ಕೂತವರು ಬೇಗ ಏಳುವುದೂ ಇಲ್ಲ. ಶಿಕಾಗೋ ಸಿಂಫನಿಯಲ್ಲಿ ಅಡಾಲ್ಫ್ ಹರ್ಸೆತ್ 1948ರಿಂದ 2001ರವರೆಗೆ ಮುಖ್ಯ ಟ್ರಂಪೆಟ್ ವಾದಕರಾಗಿದ್ದರು. ಆರ್ನಲ್ಡ್ ಜೇಕಬ್ಸ್ 1944ರಿಂದ 1988ರವರೆಗೆ ಟ್ಯೂಬಾ. ಅಷ್ಟು ವರ್ಷ ಆ ಊರಿನಲ್ಲಿ ಆ ಹುದ್ದೆ ಖಾಲಿಯೇ ಆಗಲಿಲ್ಲ. ಜೇಕಬ್ಸ್ ಜೊತೆಜೊತೆಗೇ ಪಾಠವನ್ನೂ ಹೇಳಿದರು. ಉಸಿರಿನ ಬಗ್ಗೆ ಅವರು ಕಲಿಸಿದ್ದು ಇಂದಿಗೂ ಹಿತ್ತಾಳೆ ವಾದ್ಯದ ಪಾಠಗಳ ತಳಹದಿ.

ಜರ್ಮನಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಆರ್ಕೆಸ್ಟ್ರಾಗಳು ನೂರಕ್ಕೂ ಹೆಚ್ಚಿವೆ, ಹಾಗಾಗಿ ಮಗನ ಆಯ್ಕೆ ತಪ್ಪಲ್ಲ. ಅಲ್ಲಿ ಆಯ್ಕೆ ಪರೀಕ್ಷೆಯ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಹೈಡನ್ 1796ರಲ್ಲಿ ರಚಿಸಿದ ಟ್ರಂಪೆಟ್ ಕಾನ್ಚೆರ್ಟೊ ಕೇಳುತ್ತಾರೆ, ಎಷ್ಟೋ ಕಡೆ ಪರದೆಯ ಹಿಂದೆ ನಿಲ್ಲಿಸಿ. ಅಲ್ಲೇ ಬಹುಪಾಲು ಮಂದಿ ಉದುರುತ್ತಾರೆ. ಮುಂದಿನ ಸುತ್ತುಗಳಲ್ಲಿ ಆರ್ಕೆಸ್ಟ್ರಾ ಕೃತಿಗಳ ತುಣುಕುಗಳು. ಮಾಹ್ಲರ್‌ನ ಐದನೇ ಸಿಂಫನಿಯ ಆರಂಭ ಅವುಗಳಲ್ಲಿ ಒಂದು. ಅಲ್ಲಿ ಬೇರೆ ಯಾವ ವಾದ್ಯದ ಆಸರೆಯೂ ಇಲ್ಲದೆ ಟ್ರಂಪೆಟ್ ಒಂದೇ ಶುರು ಮಾಡಬೇಕು. ಮತ ಹಾಕುವವರು ಆರ್ಕೆಸ್ಟ್ರಾದ ವಾದಕರೇ. ಗೆದ್ದ ಮೇಲೂ ಸುಮಾರು ಒಂದು ವರ್ಷ ಪರೀಕ್ಷಾವಧಿ, ಮತ್ತೆ ಮತ. ಒಂದು ಸ್ವರ ಒಡೆದರೆ ಕ್ಷಮಿಸುತ್ತಾರೆ, ಲಯ ಅಲುಗಿದರೆ ಮತ್ತು ಶ್ರುತಿ ಏರಿದರೆ ಕ್ಷಮಿಸುವುದಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಬಳಕೆಯಲ್ಲಿರುವುದು ಪಿಸ್ಟನ್ ವಾಲ್ವಿನ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ, ಮೇಲೆ ಕೆಳಗೆ ಚಲಿಸುವ ಕವಾಟದ) ಟ್ರಂಪೆಟ್. ಜರ್ಮನ್ ಆರ್ಕೆಸ್ಟ್ರಾಗಳಲ್ಲಿ ರೋಟರಿ (ತಿರುಗುವ) ವಾಲ್ವಿನದು ರೂಢಿ, ಅದರ ನಾದವೂ ಹಿಡಿತವೂ ಬೇರೆ. ಅದಕ್ಕೆ ಒಗ್ಗಲು ತಿಂಗಳುಗಳು ಬೇಕು.

ಅಲ್ಲಿನ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ರಾಜ್ಯಗಳು ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1500 ಯೂರೋ ಪಡೆಯುವ ಕ್ರಮ ತಂದಿದೆ. ಸೇರಲು ವಾದ್ಯದ ಪರೀಕ್ಷೆಯ ಜೊತೆಗೆ ಸಂಗೀತ ಸಿದ್ಧಾಂತ, ಸ್ವರ ಗುರುತಿಸುವ ಪರೀಕ್ಷೆ, ಅನೇಕ ಕಡೆ ಸ್ವಲ್ಪ ಪಿಯಾನೋ ಹಾಗೂ ಜರ್ಮನ್ ಭಾಷೆಯ ಪ್ರಮಾಣಪತ್ರವೂ ಬೇಕು. ಈ ನಾಲ್ಕನ್ನೂ ಊರಲ್ಲೇ ಶುರು ಮಾಡಿಸಿ. ನಮ್ಮ ಸ್ಪಷ್ಟ ಸಲಹೆ: ವಾದನದ ಜೊತೆ ಬೋಧನೆಯನ್ನೂ ಕಲಿಸುವ ಪದವಿಗೇ ಅರ್ಜಿ ಹಾಕಲಿ. ಅಲ್ಲಿ ಊರೂರಿನಲ್ಲೂ ಸಾರ್ವಜನಿಕ ಸಂಗೀತ ಶಾಲೆಗಳಿವೆ. ಆರ್ಕೆಸ್ಟ್ರಾದ ಕುರ್ಚಿಗೆ ಕಾಯುವ ವರ್ಷಗಳನ್ನು ದಾಟಿಸುವುದು ಆ ಕೆಲಸವೇ, ಕುರ್ಚಿ ಸಿಕ್ಕ ಮೇಲೂ ಹೆಚ್ಚಿನವರು ಅದನ್ನು ಬಿಡುವುದಿಲ್ಲ. ಭಾರತಕ್ಕೆ ಮರಳಿದರೆ ವೃತ್ತಿಪರ ಸಿಂಫನಿ ಎಂದು ಇರುವುದು ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಉಳಿದದ್ದೆಲ್ಲ ಪಾಠ, ಸ್ಟುಡಿಯೋ, ಸಮಾರಂಭಗಳ ಬಲದ ಮೇಲೆಯೇ ನಿಲ್ಲಬೇಕು.

ಎರಡು ಶಾಲೆಗಳಲ್ಲಿ ಟ್ರಂಪೆಟ್ ಹೇಳಿಕೊಡುತ್ತೇನೆ, ರಾತ್ರಿ ಹೋಟೆಲ್‌ಗಳಲ್ಲಿ ಕಾರ್ಯಕ್ರಮ. ಸಂಜೆಯಾಗುವಷ್ಟರಲ್ಲಿ ಮೇಲಿನ ಸ್ವರಗಳು ಬರುವುದೇ ಇಲ್ಲ. ಅಭ್ಯಾಸ ಹೆಚ್ಚಿಸಬೇಕೇ? – ಬೆಂಗಳೂರಿನ ಓದುಗರು

ಬೇಡ. ನಿಮ್ಮ ತುಟಿಗೆ ಅಭ್ಯಾಸ ಕಡಿಮೆಯಾಗಿಲ್ಲ, ಹಗಲಿನ ಖರ್ಚು ಹೆಚ್ಚಾಗಿದೆ. ಲೆಕ್ಕ ಹಾಕಿ: ದಿನಕ್ಕೆ ಅರ್ಧ ಗಂಟೆಯ ಎಂಟು ಪಾಠ, ಒಂದೊಂದರಲ್ಲಿ ಐದೈದು ನಿಮಿಷ ನೀವೇ ಊದಿ ತೋರಿಸಿದರೂ ನಲವತ್ತು ನಿಮಿಷ ಆಯಿತು. ಅದು ಒಂದು ಪೂರ್ತಿ ಅಭ್ಯಾಸದ ಸಮ. ಅದೂ ತುಟಿ ಬಿಸಿ ಮಾಡಿಕೊಳ್ಳದೆ, ತಣ್ಣಗಿನ ವಾದ್ಯ ಎತ್ತಿ, ಮಗುವಿನ ಜೊತೆ ಜೋರಾಗಿ ಊದಿದ್ದು.

ದಣಿವು ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ಮೆಲ್ಲಗೆ ಹಿಡಿಯುವ ಸ್ವರ ತಡವಾಗಿ ಮಾತಾಡುತ್ತದೆ, ಬರೀ ಗಾಳಿ ಕೇಳಿಸುತ್ತದೆ. ಆಮೇಲೆ ಮೇಲಿನ ಸ್ವರಗಳು ಹೋಗುತ್ತವೆ. ಕೊನೆಗೆ ನಾದ ತೆಳುವಾಗುತ್ತದೆ. ಎರಡನೇ ಹಂತದಲ್ಲಿ ಎಲ್ಲರೂ ಮಾಡುವ ಕೆಲಸ ಮೌತ್‌ಪೀಸನ್ನು ಒತ್ತುವುದು. ಒತ್ತಿದರೆ ತುಟಿಗೆ ರಕ್ತ ಓಡುವುದಿಲ್ಲ, ಊತ ಬರುತ್ತದೆ, ಊದಿಕೊಂಡ ತುಟಿ ಕಂಪಿಸಲು ಇನ್ನಷ್ಟು ಒತ್ತಡ ಬೇಕಾಗುತ್ತದೆ. ಮೊದಲ ಹಂತದಲ್ಲೇ ವಾದ್ಯ ಕೆಳಗಿಡುವುದನ್ನು ಕಲಿತವರು ಅರವತ್ತು ದಾಟಿದರೂ ಊದುತ್ತಾರೆ.

ದಿನವನ್ನು ಹೀಗೆ ಕಟ್ಟಿಕೊಳ್ಳಿ. ಬೆಳಿಗ್ಗೆ ಇಪ್ಪತ್ತು ನಿಮಿಷ: ಎರಡು ಮೂರು ನಿಮಿಷ ಬರೀ ಮೌತ್‌ಪೀಸ್, ನಂತರ ಮೆಲುದನಿಯಲ್ಲಿ ದೀರ್ಘ ಸ್ವರಗಳು, ನಂತರ ವಾಲ್ವ್ ಬದಲಿಸದೆ ತುಟಿಯಿಂದಲೇ ಸ್ವರದಿಂದ ಸ್ವರಕ್ಕೆ ಜಾರುವ ಅಭ್ಯಾಸ. ಎಲ್ಲವೂ ಮಧ್ಯ ಸ್ಥಾಯಿಯಲ್ಲೇ. ಎಷ್ಟು ಹೊತ್ತು ಊದಿದಿರೋ ಅಷ್ಟೇ ಹೊತ್ತು ನಡುನಡುವೆ ವಿರಾಮ. ಮುಗಿದ ಮೇಲೆ ಅರ್ಧ ಗಂಟೆ ವಾದ್ಯ ಪೆಟ್ಟಿಗೆಯಲ್ಲಿರಲಿ. ಪಾಠದಲ್ಲಿ ಎರಡು ಆವರ್ತ ಮಾತ್ರ ಊದಿ ತೋರಿಸಿ, ಉಳಿದದ್ದನ್ನು ಬಾಯಲ್ಲಿ ಹಾಡಿ ಹೇಳಿಕೊಡಿ. ಹಾಡಿ ಕಲಿತ ಮಗುವಿನ ಶ್ರುತಿಯೂ ಗಟ್ಟಿಯಾಗುತ್ತದೆ, ಆದ್ದರಿಂದ ಇದರಲ್ಲಿ ಅವರಿಗೂ ನಷ್ಟವಿಲ್ಲ. ಮಗುವಿನ ಜೊತೆ ಪಾಠದುದ್ದಕ್ಕೂ ಊದುವುದನ್ನು ಪೂರ್ತಿ ನಿಲ್ಲಿಸಿ. ರಾತ್ರಿ ಎಂಟಕ್ಕೆ ಕಾರ್ಯಕ್ರಮ ಇದ್ದರೆ ಕೊನೆಯ ಪಾಠ ನಾಲ್ಕಕ್ಕೆ ಮುಗಿದಿರಲಿ. ಜೋರಿನ ಕಾರ್ಯಕ್ರಮದ ನಂತರ ಐದು ನಿಮಿಷ ಕೆಳಸ್ಥಾಯಿಯಲ್ಲಿ ಮೆತ್ತಗೆ ಊದಿಯೇ ಪೆಟ್ಟಿಗೆ ಮುಚ್ಚಿ.

ಊತ ಎರಡು ಮೂರು ದಿನಕ್ಕೂ ಇಳಿಯದಿದ್ದರೆ, ಅಥವಾ ತುಟಿಯ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ವೈದ್ಯರ ಬಳಿ ಹೋಗಿ. ಬಾಯಿಯ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರಿನಿಂದ ಸ್ಯಾಚ್‌ಮೋ ಸಿಂಡ್ರೋಮ್ ಎನ್ನುತ್ತಾರೆ. ನೋವೇ ಇಲ್ಲದೆ ಕೆಲವು ಸ್ವರಗಳಲ್ಲಿ ಮಾತ್ರ ತುಟಿ ಮಾತು ಕೇಳದೆ ನಡುಗಿದರೆ ಅದು ಬೇರೆ: ಫೋಕಲ್ ಡಿಸ್ಟೋನಿಯಾ ಇರಬಹುದು. ಅದು ನರಕ್ಕೆ ಸಂಬಂಧಿಸಿದ್ದು. ಹಟ ಹಿಡಿದು ಸಾಧನೆ ಮಾಡಿದಷ್ಟೂ ಬಿಗಡಾಯಿಸಬಹುದು, ನರರೋಗ ತಜ್ಞರನ್ನೇ ಕಾಣಬೇಕು.

ಕಿವಿಯನ್ನೂ ಮರೆಯಬೇಡಿ. ಚಿಕ್ಕ ಕೋಣೆಯಲ್ಲಿ ಮಗುವಿನ ಟ್ರಂಪೆಟ್ ಬಾಯಿಯ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಂತು ವಾದ್ಯವನ್ನು ಪರದೆಯ ಕಡೆ ತಿರುಗಿಸಿ. ಬ್ರಿಟನ್ನಿನಲ್ಲಿ 2008ರಿಂದ ಸಂಗೀತ ಕ್ಷೇತ್ರಕ್ಕೂ ಶಬ್ದ ನಿಯಮ ಅನ್ವಯಿಸುತ್ತದೆ: ದಿನದ ಸರಾಸರಿ 85 ಡೆಸಿಬೆಲ್ ಮುಟ್ಟಿದರೆ ಕಿವಿರಕ್ಷೆ ಕಡ್ಡಾಯ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಬೆಣೆಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಹತ್ತಿ ತುರುಕಿದರೆ ಮೇಲಿನ ಸ್ವರಗಳು ಮಾತ್ರ ಮಂಕಾಗುತ್ತವೆ.

ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತೇನೆ. ಹಾಡು ಕೇಳಿದರೆ ನುಡಿಸಬಲ್ಲೆ, ನೊಟೇಷನ್ ಬಾರದು. ಗಾಯಕರ ಜೊತೆ ಕೂತಾಗ ಕೆಳಗಿನ ಸ್ವರಗಳು ಶ್ರುತಿ ಮೀರುತ್ತವೆ. ಪೊಲೀಸ್ ಅಥವಾ ಸೇನೆಯ ಬ್ಯಾಂಡ್ ಸೇರಬಹುದೇ? ಪಾಠ ಹೇಳಬಹುದೇ? – ದಾವಣಗೆರೆಯ ಓದುಗರು

ಕೇಳಿದ್ದನ್ನು ನುಡಿಸುವ ಕಿವಿ ನಿಮ್ಮ ದೊಡ್ಡ ಆಸ್ತಿ. ನೊಟೇಷನ್ ಕಲಿತವರಲ್ಲಿ ಅನೇಕರಿಗೆ ಅದು ಇರುವುದಿಲ್ಲ.

ಶ್ರುತಿಯ ತೊಂದರೆ ನಿಮ್ಮದಲ್ಲ, ವಾದ್ಯದ ರಚನೆಯದು. ನಿಮ್ಮದು ಬಿ-ಫ್ಲ್ಯಾಟ್ ಟ್ರಂಪೆಟ್. ಅದರಲ್ಲಿ ಸಿ ಎಂದು ಬೆರಳಿಟ್ಟರೆ ಹಾರ್ಮೋನಿಯಂನ ಬಿ-ಫ್ಲ್ಯಾಟ್ ಕೇಳಿಸುತ್ತದೆ. ಆದ್ದರಿಂದ ಒಂದು ಮನೆ ಶ್ರುತಿಯ ಗಾಯಕರ ಜೊತೆ ನಿಮ್ಮ ಷಡ್ಜ ಟ್ರಂಪೆಟ್‌ನ ಡಿ ಆಗುತ್ತದೆ. ಕೆಳಗಿನ ಡಿಗೆ ಒಂದು ಮತ್ತು ಮೂರನೇ ವಾಲ್ವ್ ಒಟ್ಟಿಗೆ ಒತ್ತಬೇಕು, ಅದರ ಕೆಳಗಿನ ಕಾಕಲಿ ನಿಷಾದಕ್ಕೆ ಮೂರನ್ನೂ. ಒಂದನೇ ವಾಲ್ವ್ ಕೊಳವೆಯ ಉದ್ದಕ್ಕೆ ಸುಮಾರು ಶೇ. 12 ಸೇರಿಸುತ್ತದೆ, ಮೂರನೆಯದು ಶೇ. 19. ಒಟ್ಟು 31. ಬೇಕಾದದ್ದು ಶೇ. 33.5. ಟ್ರಂಪೆಟ್‌ನ ಕೊಳವೆ ಸುಮಾರು 1.48 ಮೀಟರ್, ಹಾಗಾಗಿ ಮೂರೂವರೆ ಸೆಂಟಿಮೀಟರಿನಷ್ಟು ಕೊರತೆ, ಸ್ವರ ಏರುತ್ತದೆ. ಮೂರೂ ವಾಲ್ವ್ ಒತ್ತಿದಾಗ ಕೊರತೆ ಹೆಚ್ಚುಕಡಿಮೆ ಎರಡರಷ್ಟು. ಇದನ್ನು ತುಂಬಲೆಂದೇ ಮೂರನೇ ವಾಲ್ವಿನ ಸ್ಲೈಡಿಗೆ, ಅಂದರೆ ಎಳೆದು ಉದ್ದ ಮಾಡುವ ಕೊಳವೆಗೆ, ಎಡಗೈ ಬೆರಳಿನ ಉಂಗುರ ಇದೆ. ಸ್ಲೈಡಿಗೆ ಎರಡು ಕಾಲಿರುವುದರಿಂದ ಕೊರತೆಯ ಅರ್ಧದಷ್ಟು ಎಳೆದರೆ ಸಾಕು. ತಯಾರಕರು ಮೂರನೇ ಕೊಳವೆಯನ್ನು ತುಸು ಉದ್ದ ಇಟ್ಟಿರುತ್ತಾರೆ, ಆದ್ದರಿಂದ ನಿಮ್ಮ ವಾದ್ಯದ ನಿಖರ ಜಾಗವನ್ನು ಶ್ರುತಿಪೆಟ್ಟಿಗೆಯ ಎದುರು ಕೂತು ನೀವೇ ಗುರುತಿಸಿಕೊಳ್ಳಿ. ಬ್ಯಾಂಡ್‌ಸೆಟ್‌ನ ಎಷ್ಟೋ ವಾದ್ಯಗಳಲ್ಲಿ ಈ ಸ್ಲೈಡ್ ಕಿಲುಬು ಹಿಡಿದು ಕೂತಿರುತ್ತದೆ. ಮೊದಲು ಅದನ್ನು ರಿಪೇರಿಯವರಿಂದ ಬಿಡಿಸಿ ಗ್ರೀಸ್ ಹಾಕಿಸಿ.

ವಾಯುಪಡೆ ಸಂಗೀತಗಾರರಿಗೆಂದೇ ಪ್ರತ್ಯೇಕ ಭರ್ತಿ ನಡೆಸುತ್ತದೆ. ಅಲ್ಲಿ ತಮ್ಮ ವಾದ್ಯಕ್ಕೆ ತಾವೇ ಶ್ರುತಿ ಮಾಡುವುದು, ಕೇಳಿಸಿದ ಸ್ವರವನ್ನು ವಾದ್ಯದಲ್ಲಿ ಹಿಡಿಯುವುದು ಪರೀಕ್ಷೆಯ ಭಾಗ, ಅಲ್ಲಿ ನಿಮ್ಮ ಕಿವಿ ಕೆಲಸಕ್ಕೆ ಬರುತ್ತದೆ. ವಯಸ್ಸು, ವಿದ್ಯಾರ್ಹತೆಯನ್ನು ಆಯಾ ಪ್ರಕಟಣೆಯಲ್ಲೇ ನೋಡಿ. ಭೂಸೇನೆಯ ಬ್ಯಾಂಡಿನವರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ತರಬೇತಿ ಕೇಂದ್ರವಿದೆ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ವಾದ್ಯವೃಂದ ಎರಡೂ ಇವೆ. ಎರಡೂ ಅರಮನೆಯಿಂದ ಬಂದ ಬಳುವಳಿ. ಸೇನೆಯ ಬ್ಯಾಂಡಿನಿಂದ ಶುರು ಮಾಡಿದರೆ ಕಡಿಮೆ ಎಂದುಕೊಳ್ಳಬೇಡಿ. ಗಣಿಯಲ್ಲಿ ದುಡಿದಿದ್ದ ಫ್ರೆಂಚ್ ಟ್ರಂಪೆಟ್ ವಾದಕ ಮೊರೀಸ್ ಆಂದ್ರೆ ಸೇನಾ ಬ್ಯಾಂಡ್ ಸೇರಿಯೇ ಪ್ಯಾರಿಸ್ ಕನ್ಸರ್ವೇಟರಿಯ ಉಚಿತ ಪ್ರವೇಶ ಪಡೆದರು, ಮುಂದೆ ಅಲ್ಲೇ ಪ್ರಾಧ್ಯಾಪಕರಾದರು.

ಪಾಠ ಹೇಳಲು ಲಂಡನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಗ್ರೇಡ್ ಪರೀಕ್ಷೆಗಳು ನೆರವಾಗುತ್ತವೆ. ಎರಡೂ ಭಾರತದಲ್ಲಿ ನಡೆಯುತ್ತವೆ. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡ್‌ಗೆ ಹೋಗುವ ಮೊದಲು ಐದನೇ ಗ್ರೇಡಿನ ಥಿಯರಿ ಮುಗಿಸಬೇಕು; ಟ್ರಿನಿಟಿಯಲ್ಲಿ ಆ ಕಟ್ಟುಪಾಡಿಲ್ಲ, ಹಾಗಾಗಿ ನಿಮಗೆ ಟ್ರಿನಿಟಿ ಸುಲಭದ ದಾರಿ. ಓದುವುದನ್ನು ಲಯದಿಂದ ಶುರು ಮಾಡಿ: ದಿನಕ್ಕೆ ಇಪ್ಪತ್ತು ನಿಮಿಷ, ವಾದ್ಯ ಮುಟ್ಟದೆ, ತಾಳ ಹಾಕುತ್ತ ಬರೆದದ್ದನ್ನು ಬಾಯಲ್ಲಿ ಹೇಳಿ. ಸ್ವರದ ಹೆಸರುಗಳು ಅದರ ಹಿಂದೆಯೇ ಬರುತ್ತವೆ.

ಮಕ್ಕಳಿಗೆ ಎಷ್ಟು ವಯಸ್ಸಿಗೆ ಶುರು ಮಾಡಿಸಬಹುದು? ಮೊದಲ ಪಾಠ ಹೇಗಿರಬೇಕು? – ಶಿವಮೊಗ್ಗದ ಶಿಕ್ಷಕಿ

ಮೇಲಿನ ಮುಂದಿನ ಹಲ್ಲುಗಳು ಬಿದ್ದು ಮತ್ತೆ ಗಟ್ಟಿಯಾಗಿ ಬಂದ ಮೇಲೆ, ಅಂದರೆ ಎಂಟರ ಸುಮಾರಿಗೆ. ಚಿಕ್ಕ ಕೈಗಳಿಗೆ ಟ್ರಂಪೆಟ್‌ಗಿಂತ ಕಾರ್ನೆಟ್ ಒಳ್ಳೆಯದು. ಕೊಳವೆಯ ಉದ್ದ ಅಷ್ಟೇ, ಸುತ್ತು ಮಾತ್ರ ಅಡಕ, ಆದ್ದರಿಂದ ಭಾರ ಮೈಗೆ ಹತ್ತಿರ ಬೀಳುತ್ತದೆ. ಮೌತ್‌ಪೀಸ್ 7ಸಿ ಅಳತೆಯ ಆಸುಪಾಸಿರಲಿ.

ಮೊದಲ ಹತ್ತು ನಿಮಿಷ ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಭುಜ ಎತ್ತದೆ ಉಸಿರು ತುಂಬಿಸಿ, ತುಟಿಯನ್ನು 'ಮ' ಅನ್ನುವಂತೆ ಕೂಡಿಸಿ ಗಾಳಿ ಬಿಡಿಸಿ. ಆಮೇಲೆ ಬರೀ ಮೌತ್‌ಪೀಸ್, ಕೊನೆಗೆ ವಾಲ್ವ್ ಒತ್ತದ ಜಿ ಸ್ವರ. ಕೆನ್ನೆ ಉಬ್ಬಿದರೆ ಕನ್ನಡಿ ಕೊಡಿ, ಬೈಯಬೇಡಿ. ಬಲಗೈ ಕಿರುಬೆರಳನ್ನು ಕೊಂಡಿಯೊಳಗೆ ಸಿಕ್ಕಿಸಲು ಬಿಡಬೇಡಿ, ಮೇಲೆ ಇರಲಿ. ಕೊಂಡಿಗೆ ಸಿಕ್ಕಿಸಿದ ಮಗು ಸ್ವರ ಬಾರದಾಗಲೆಲ್ಲ ವಾದ್ಯವನ್ನು ತುಟಿಗೆ ಎಳೆಯುತ್ತದೆ, ಒತ್ತುವ ಚಟ ಅಲ್ಲೇ ಹುಟ್ಟುತ್ತದೆ. ಮನೆಯಲ್ಲಿ ದಿನಕ್ಕೆ ಮೂರು ಸಲ ಐದೈದು ನಿಮಿಷ, ಒಂದೇ ಸಲ ಕಾಲು ಗಂಟೆ ಬೇಡ. ಹಲ್ಲಿಗೆ ತಂತಿ ಹಾಕಿಸುವುದಿದ್ದರೆ ಅದರ ಹಿಂದೆಮುಂದೆ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಮೌತ್‌ಪೀಸ್ ಸಿಕ್ಕಿಕೊಂಡಿದೆ. ಇಕ್ಕಳದಿಂದ ಎಳೆಯಲೇ? – ಹಾಸನದ ಓದುಗರು

ಖಂಡಿತ ಬೇಡ. ತಿರುಚಿದರೆ ಮೌತ್‌ಪೀಸ್ ಕೂರುವ ಕೊಳವೆಯ ಬೆಸುಗೆ ಬಿಡುತ್ತದೆ, ಕೊಳವೆ ಸೊಟ್ಟಗಾಗುತ್ತದೆ. ಇದಕ್ಕೆಂದೇ ಎರಡೂ ಕಡೆಯಿಂದ ಸಮನಾಗಿ ಎಳೆಯುವ ಪುಲ್ಲರ್ ಇದೆ. ಪಾಠ ಹೇಳುವ ಪ್ರತಿಯೊಬ್ಬರ ಬಳಿಯೂ ಇರಬೇಕು. ಸಿಕ್ಕಿಕೊಳ್ಳಲು ಕಾರಣ ಹೆಚ್ಚಾಗಿ ಮೌತ್‌ಪೀಸನ್ನು ಅಂಗೈಯಿಂದ ತಟ್ಟುವ ಆಟ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ವಾದ್ಯದ ಒಳಭಾಗ ತೊಳೆಯಿರಿ. ಬಿಸಿನೀರು ಹಾಕಿದರೆ ಮೇಲಿನ ಲ್ಯಾಕರ್ ಏಳುತ್ತದೆ. ತೊಳೆಯದ ಕೊಳವೆಯಲ್ಲಿ ಬೆಳೆದ ಬೂಷ್ಟು, ಬ್ಯಾಕ್ಟೀರಿಯಾದಿಂದ ವಾದಕರ ಶ್ವಾಸಕೋಶಕ್ಕೆ ಉರಿಯೂತ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಪಾಠದ ಶುಲ್ಕ, ರಜೆಗಳ ವಿಷಯದಲ್ಲಿ ಪೋಷಕರ ಜೊತೆ ತಕರಾರು ತಪ್ಪಿಸುವುದು ಹೇಗೆ? – ಹುಬ್ಬಳ್ಳಿಯ ಓದುಗರು

ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಶುಲ್ಕ ತಿಂಗಳ ಮೊದಲೇ. ಹಿಂದಿನ ದಿನ ಹೇಳದೆ ತಪ್ಪಿಸಿದ ಪಾಠಕ್ಕೆ ಹಣ ವಾಪಸ್ಸಿಲ್ಲ. ನಿಮ್ಮ ಕಾರ್ಯಕ್ರಮದಿಂದ ತಪ್ಪಿದ ಪಾಠವನ್ನು ಇಂತಿಷ್ಟು ದಿನದೊಳಗೆ ತುಂಬಿಕೊಡುವಿರಿ. ವಾಲ್ವ್ ಆಯಿಲ್, ರಿಪೇರಿ ಯಾರ ಖರ್ಚು – ಇಷ್ಟು ಸಾಕು. ಮನೆಗೆ ಹೋಗಿ ಕಲಿಸುವುದಾದರೆ ಓಡಾಟದ ಸಮಯವನ್ನೂ ಶುಲ್ಕದಲ್ಲಿ ಸೇರಿಸಿ. ವರ್ಷದ ಯೋಜನೆಯನ್ನು ಪಂಚಾಂಗ ನೋಡಿಯೇ ಮಾಡಿ. ಗಣೇಶನ ಹಬ್ಬದಿಂದ ದಸರಾ ಮುಗಿಯುವವರೆಗೆ, ಮತ್ತೆ ಮದುವೆಯ ತಿಂಗಳುಗಳಲ್ಲಿ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಡಿ. ಆಷಾಢದಲ್ಲಿ ಮದುವೆಗಳಿಲ್ಲ, ಶಾಲೆಗಳು ಆಗಷ್ಟೇ ತೆರೆದಿರುತ್ತವೆ. ಹೊಸ ತಂಡಗಳನ್ನು ಆಗ ಶುರು ಮಾಡಿದರೆ ಮೊದಲ ಎರಡು ತಿಂಗಳ ಪಾಠ ತಪ್ಪದೆ ನಡೆಯುತ್ತದೆ.