ಮೈಸೂರಲ್ಲಿ ನಂಬಬಹುದಾದ ಎಲೆಕ್ಟ್ರಿಷಿಯನ್ ಸಿಗುವುದು ಹೇಗೆ?

ಹಳೇ ಮನೆಗೆ ಬಾಡಿಗೆಗೆ ಬಂದಿದ್ದೀರಿ, ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ಫ್ಯಾನು, ಇನ್ವರ್ಟರ್ ಕೂಡ ಹಾಕಿಸಬೇಕು, ಯಾರನ್ನು ಕರೆಯಲಿ ಅಂತ ಕೇಳಿದ್ದೀರಿ.

ಮೊದಲು ಗೀಸರ್ ಲೈನಿನ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿಬಿಡಿ. ಸ್ವಲ್ಪವೇ ಜುಮ್ ಅನ್ನುತ್ತದೆ ಅಂತ ಸ್ನಾನ ಮುಂದುವರಿಸಬೇಡಿ, ದಯವಿಟ್ಟು.

ಆಮೇಲೆ ನಿಮ್ಮ ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ. ಯಾರು ಒಳ್ಳೇ ಸಾಮಾನು ಒಯ್ಯುತ್ತಾರೆ, ಯಾರು ‘ಕಮ್ಮಿದು ಯಾವುದಾದರೂ ಕೊಡಿ’ ಅನ್ನುತ್ತಾರೆ ಅಂತ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ‘ಯಾರಾದರೂ ಇದ್ದಾರಾ’ ಅಂತ ಕೇಳಬೇಡಿ, ‘ನಿಮ್ಮ ಮನೆಗೆ ಯಾರನ್ನು ಕರೆಸ್ತೀರಿ’ ಅಂತ ಕೇಳಿ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಫ್ಯಾನ್ ಹಾಕಲು ಯಾರೋ ಒಬ್ಬರು ಬರುತ್ತಾರೆ, ಸರಿ. ಆದರೆ ಹಳೇ ವೈರಿಂಗ್‌ಗೆ ಮತ್ತೆ ಮತ್ತೆ ಅದೇ ವ್ಯಕ್ತಿ ಬರಬೇಕು, ಅಲ್ವಾ? ವೈರ್‌ಮನ್ ಪರ್ಮಿಟ್ ಇದೆಯಾ ಅಂತಲೂ ಕೇಳಿ. ಅದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ.

ಎಲ್ಲ ಕೆಲಸ ಒಟ್ಟಿಗೆ ಒಪ್ಪಿಸಬೇಡಿ. ಗೀಸರ್ ಒಂದನ್ನೇ ತೋರಿಸಿ, ಪಕ್ಕದಲ್ಲಿ ನಿಂತು ನೋಡಿ. ಕೆಲಸ ಗೊತ್ತಿದ್ದವರು ಬಂದ ಕೂಡಲೇ ಗೀಸರ್ ಬಿಚ್ಚುವುದಿಲ್ಲ. ಸಾಕೆಟ್ಟಿನಲ್ಲಿ ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು) ಬರುತ್ತಿದೆಯಾ ಅಂತ ಮೊದಲು ನೋಡುತ್ತಾರೆ. ಹೋಲ್ಡರಿಗೆ ಬಲ್ಬ್ ಸಿಕ್ಕಿಸಿದ ಟೆಸ್ಟ್ ಲ್ಯಾಂಪಿನ ಒಂದು ವೈರು ಕರೆಂಟ್ ಬರುವ ಫೇಸಿಗೆ, ಇನ್ನೊಂದು ಅರ್ಥ್ ಇರುವ ಮೇಲಿನ ದಪ್ಪ ತೂತಿಗೆ. ಬಲ್ಬ್ ಮಂಕಾಗಿ ಉರಿದರೆ ಅಥವಾ ಉರಿಯದೇ ಇದ್ದರೆ ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. (ಇದನ್ನು ನೀವು ಮಾಡಲು ಹೋಗಬೇಡಿ.) ಅದಾದ ಮೇಲೆ ಗೀಸರಿನ ಕಾಯಿಲ್ ಸರದಿ.

ಅರ್ಥ್ ಇಲ್ಲ ಅಂತಾದಾಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರಿನಿಂದ) ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ನಿಮಗೂ ಖುಷಿ. ಆದರೆ ಆ ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಗೀಸರ್ ಮೈಗೇ 230 ವೋಲ್ಟ್ ಬರುತ್ತದೆ. ಇಂಥ ಕೆಲಸ ಮಾಡುವವರು ಎಷ್ಟೇ ಕಮ್ಮಿ ಕೇಳಿದರೂ ಬೇಡ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂದರೆ ವೈರು ಹಾಗೇ ಬಿಟ್ಟು 16 ಆಂಪಿಯರ್ ತೆಗೆದು 32 ಹಾಕುವವರೂ ಬೇಡ. ಎಂಸಿಬಿ ಬೀಳುವುದಿಲ್ಲ, ಗೋಡೆಯೊಳಗೆ ವೈರು ಬಿಸಿಯಾಗುತ್ತದೆ.

ಗೀಸರ್ ಕೆಲಸ ನೀಟಾಗಿ ಮಾಡಿದರೆ ಉಳಿದದ್ದೂ ಅವರಿಗೇ ಕೊಡಿ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಅರ್ಥಿಂಗ್, ಆರ್‌ಸಿಸಿಬಿ ಎರಡೂ ಮನೆಯ ಜೊತೆಗೇ ಉಳಿಯುವಂಥವು, ಅದರ ಖರ್ಚು ಓನರ್ ಹತ್ತಿರ ಕೇಳುವುದು ನ್ಯಾಯ. ಇನ್ವರ್ಟರ್ ಬಗ್ಗೆ ಮಾತಾಡುವಾಗ ‘ನ್ಯೂಟ್ರಲ್ ಹೇಗೆ ಕೊಡ್ತೀರಿ’ ಅಂತ ಒಂದು ಮಾತು ಕೇಳಿ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆಯದರ ಜೊತೆ ಸೇರಿಸಿದರೆ ಆರ್‌ಸಿಸಿಬಿ ಸುಮ್ಸುಮ್ನೆ ಟ್ರಿಪ್ ಆಗುತ್ತಿರುತ್ತದೆ. ತಿಳಿದವರು ಇದನ್ನು ಅವರಾಗೇ ಹೇಳುತ್ತಾರೆ.

ಕೂಲಿ ಮೊದಲೇ ಮಾತಾಡಿ. ಸಾಮಾನು ನೀವೇ ತನ್ನಿ, ಐಎಸ್‌ಐ ಗುರುತು ನೋಡಿ, ಬಿಲ್ ಇಟ್ಟುಕೊಳ್ಳಿ. ಗೀಸರಿಗೆ 2.5 ಸ್ಕ್ವೇರ್ ಎಂಎಂಗಿಂತ ಸಣ್ಣ ವೈರು ಬೇಡ. ಕಂಬದಿಂದ ಮೀಟರ್‌ವರೆಗಿನ ತೊಂದರೆಗೆ ಮಾತ್ರ ಎಲೆಕ್ಟ್ರಿಷಿಯನ್ ಬೇಡ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮೀಟರ್ ಸೀಲ್ ಮುಟ್ಟಲು ಯಾರಿಗೂ ಬಿಡಬೇಡಿ.