ಓದಿ ಸಹಿ ಹಾಕ್ತೀನಿ ಅಂದದ್ದು ತಪ್ಪಲ್ಲ

ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಈಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಓದುಗರೊಬ್ಬರ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರ ಉದ್ದವಿದೆ. ಮುಖ್ಯವಾದಷ್ಟನ್ನು ಇಲ್ಲಿ ಕೊಟ್ಟಿದ್ದೇವೆ.

“ನನ್ನ ಮದುವೆ ಆದದ್ದು 1999ರಲ್ಲಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ನಾಲೆ ಬಯಲಿನಲ್ಲಿ ಎರಡೂವರೆ ಎಕರೆ ಗದ್ದೆ ಇದೆ. ಒಂದು ಎಕರೆ ತಾತನಿಂದ ಬಂದದ್ದು, ಉಳಿದದ್ದು ಅಪ್ಪ ದುಡಿದು ಕೊಂಡದ್ದು. ವಿಲ್ ಬರೆದಿಲ್ಲ. ಅಮ್ಮ ಅಣ್ಣನ ಜೊತೆ ಇದ್ದಾರೆ. ಶ್ರಾವಣದಲ್ಲಿ ಅಣ್ಣ ಫೋನ್ ಮಾಡಿ, ‘ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಬಾ, ಆಧಾರ್ ಕಾರ್ಡ್ ತಗೊಂಡು ಬಾ’ ಅಂದ. ಏನು ಪತ್ರ ಅಂತ ಕೇಳಿದೆ. ‘ಖಾತೆ ಮಾಡಿಸೋಕೆ’ ಅಂದ. ಒಂದ್ಸಲ ಓದಿ ಸಹಿ ಹಾಕ್ತೀನಿ ಅಂದೆ. ‘ನನ್ನ ಮೇಲೇ ಅನುಮಾನಾನಾ?’ ಅಂತ ಫೋನ್ ಇಟ್ಟ. ಅವತ್ತಿನಿಂದ ಮಾತಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ. ತಂಗಿ ಸಹಿ ಹಾಕಲು ಒಪ್ಪಿದ್ದಾಳೆ. ಅಮ್ಮ ಮೆಲ್ಲಗೆ ಫೋನ್ ಮಾಡಿ, ‘ಹಾಕ್ಬಿಡು ಮಗಳೇ, ನಾನು ಕಣ್ಣು ಮುಚ್ಚೋ ಮುಂಚೆ ನೀವು ಮಾತಾಡ್ಕೊಂಡಿರಿ’ ಅಂತಾರೆ. ನಮ್ಮ ಯಜಮಾನರು ಬಿಡಲೇಬೇಡ ಅಂತಾರೆ. ಅಪ್ಪ ಹಾಸಿಗೆ ಹಿಡಿದಾಗ ಎಷ್ಟು ಚೆನ್ನಾಗಿ ನೋಡಿಕೊಂಡ ಅಣ್ಣ ಹೀಗೆ ಹೇಗಾದ? ಅತ್ತಿಗೆಯೇ ಇದನ್ನೆಲ್ಲ ಹೇಳಿಕೊಟ್ಟಿರಬೇಕು. ನಾನು ಆಸೆಬುರುಕಿಯೇ? ಮುಂದಿನ ತಿಂಗಳು ಅಣ್ಣನ ಮಗಳ ನಿಶ್ಚಿತಾರ್ಥ. ಅವಳೇ ಫೋನ್ ಮಾಡಿ ಕರೆದಳು. ಅಣ್ಣ ಕರೆದಿಲ್ಲ. ಹೋದರೆ ನನ್ನ ಮಾನ ಉಳಿಯುತ್ತಾ?”

ಸಂಪಾದಕರ ಉತ್ತರ:

ಅಕ್ಕಾ, ನೀವು ಆಸೆಬುರುಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲೂ ಇಷ್ಟು ಗುಂಟೆ ಬೇಕು, ಇಷ್ಟು ದುಡ್ಡು ಬೇಕು ಅಂತ ಒಂದು ಸಾಲೂ ಇಲ್ಲ. ನೀವು ಕೇಳಿದ್ದು ಒಂದು ಕಾಗದವನ್ನು ಓದುವುದಕ್ಕೆ. ಅಷ್ಟಕ್ಕೇ ಒಂದು ಸಂಬಂಧ ನಿಂತುಹೋಗುತ್ತದೆ ಎಂದಾದರೆ, ಯೋಚನೆ ಮಾಡಬೇಕಾದವರು ನೀವೊಬ್ಬರೇ ಅಲ್ಲ.

ಮೊದಲು ಆ ಕಾಗದದ ವಿಷಯ. ಇದು ತಿಳಿಯದೆ ಮನಸ್ಸಿನ ವಿಷಯ ಮಾತಾಡಿ ಉಪಯೋಗವಿಲ್ಲ. ಸತ್ತವರ ಹೆಸರಿನಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು. ಅದರಲ್ಲಿ ಅಮ್ಮ, ಅಣ್ಣ, ನೀವು, ತಂಗಿ ಎಲ್ಲರ ಹೆಸರೂ ಇರಬೇಕು. ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಆಗುತ್ತದೆ. ಇದಕ್ಕಾಗಿ ಯಾರೂ ಯಾರಿಗೂ ಹಕ್ಕು ಬಿಟ್ಟುಕೊಡಬೇಕಾಗಿಲ್ಲ. ಈ ಕೆಲಸ ನಡೆಯುವುದು ಕಂದಾಯ ಇಲಾಖೆಯಲ್ಲಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದಿದ್ದಾರೆ ಎಂದರೆ ಅದು ಬಹುಶಃ ಹಕ್ಕು ಬಿಡುಗಡೆ ಪತ್ರ. ಅಲ್ಲಿ ನಿಮ್ಮ ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು ನೋಂದಣಿ ಮಾಡಿದರೆ ಮುಗಿಯಿತು. ಆಮೇಲೆ ನನಗೆ ಗೊತ್ತಿರಲಿಲ್ಲ, ಓದಿರಲಿಲ್ಲ ಎಂದರೆ ಕೋರ್ಟಿಗೇ ಹೋಗಬೇಕು. ಅದು ವರ್ಷಗಟ್ಟಲೆ ಎಳೆಯುವ ಕೆಲಸ.

ನಿಮಗೆ ಹಕ್ಕಿದೆಯೇ? ಇದೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಿನಲ್ಲಿ ಹೆಂಡತಿಗೂ ಗಂಡು, ಹೆಣ್ಣು ಮಕ್ಕಳಿಗೂ ಸಮಪಾಲು ಅನ್ನುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ, ಅಪ್ಪ ವಿಲ್ ಬರೆಯದೆ ಹೋಗಿದ್ದರೆ. ಹೆಣ್ಣುಮಕ್ಕಳಿಗೆ ಪಾಲು ಇತ್ತೀಚೆಗೆ ಬಂದ ಕಾನೂನು ಎಂದುಕೊಂಡವರು ಬಹಳ ಜನ. ಇತ್ತೀಚೆಗೆ ಬಂದದ್ದು ಪಿತ್ರಾರ್ಜಿತದ ಹಕ್ಕು. ಅದರಲ್ಲೂ ನಮ್ಮ ಕರ್ನಾಟಕ ಮುಂದೆ ಇತ್ತು. 1994ರಲ್ಲೇ ರಾಜ್ಯದ ತಿದ್ದುಪಡಿ ಬಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿತು. ನಿಮ್ಮ ಮದುವೆ 1999ರಲ್ಲಿ, ಅಂದರೆ ನೀವು ಅದರೊಳಗೇ ಬಂದಿರಿ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆ ಆಗಿದೆಯೋ ಇಲ್ಲವೋ ಅನ್ನುವ ಭೇದವೂ ಹೋಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸ್ಪಷ್ಟವಾಗಿ ಹೇಳಿತು. ‘ನಿನ್ನ ಮದುವೆಗೆ ಖರ್ಚು ಮಾಡಿಲ್ವಾ, ಅದೇ ನಿನ್ನ ಪಾಲು’ ಎಂದು ಯಾರಾದರೂ ಅಂದರೆ, ಆ ಲೆಕ್ಕ ಕಾನೂನಿನಲ್ಲಿ ಇಲ್ಲ.

ಈಗ ಅಣ್ಣನ ವಿಷಯಕ್ಕೆ ಬರೋಣ. ಹೀಗೆ ಹೇಗಾದ ಎಂದು ಕೇಳಿದ್ದೀರಿ. ನನಗನ್ನಿಸುವುದು, ಅವರು ಬದಲಾಗಿಲ್ಲ. ಅಪ್ಪನಿಗೆ ಗಂಜಿ ಕುಡಿಸಿದ, ಮಗ್ಗುಲು ಬದಲಿಸಿದ ಅಣ್ಣ ನಿಜ. ಫೋನ್ ಕುಕ್ಕಿದ ಅಣ್ಣನೂ ನಿಜ. ಇಬ್ಬರೂ ಒಬ್ಬರೇ. ಒಬ್ಬ ಮನುಷ್ಯ ಒಂದು ಕಡೆ ಪ್ರಾಣ ಕೊಡುವಷ್ಟು ಒಳ್ಳೆಯವನಾಗಿದ್ದು, ಇನ್ನೊಂದು ಕಡೆ ಅನ್ಯಾಯ ಮಾಡಬಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಅದಕ್ಕೇ ನಾವು, ಹಿಂದಿನ ಪ್ರೀತಿಯೆಲ್ಲ ನಾಟಕವಾಗಿತ್ತು ಎಂದು ಅಳುತ್ತೇವೆ. ಇಲ್ಲವೇ, ಅಷ್ಟು ಒಳ್ಳೆಯವನು ಕೆಟ್ಟದ್ದು ಮಾಡಲಾರ, ತಪ್ಪು ನನ್ನದೇ ಇರಬೇಕು ಎಂದು ಕುಗ್ಗುತ್ತೇವೆ. ನೀವು ಈಗ ಎರಡನೆಯದನ್ನು ಮಾಡುತ್ತಿದ್ದೀರಿ.

ಅವರ ಕಡೆ ನಿಂತು ಒಂದು ಸಲ ನೋಡಿ. ಹುಡುಗನಾಗಿದ್ದಾಗಿನಿಂದ ‘ಇದೆಲ್ಲ ನಿಂದೇ ಕಣೋ’ ಎಂದು ಕೇಳಿಕೊಂಡೇ ಬೆಳೆದಿರುತ್ತಾರೆ. ನೀವಿಬ್ಬರೂ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಮಾತು ಕೇಳಿಕೊಂಡು ಬೆಳೆದ ಹಾಗೆ. ನಾಲೆಗೆ ನೀರು ಬಿಟ್ಟ ರಾತ್ರಿ ಗದ್ದೆಯ ಬದುವಿನ ಮೇಲೆ ಟಾರ್ಚ್ ಹಿಡಿದು ನಿಂತವರು ಅವರು. ಕಟ್ಟೆಯಲ್ಲಿ ನೀರು ಕಡಿಮೆಯಾಗಿ ಬೆಳೆ ಒಣಗಿದ ವರ್ಷ ಸಾಲ ತೀರಿಸಿದವರೂ ಅವರೇ. ಎರಡೂವರೆ ಎಕರೆ ಅಂದರೆ 100 ಗುಂಟೆ. ಪಾಲಾದರೆ ಅವರ ಕೈಯಲ್ಲಿ ಉಳಿಯುವುದು 30 ಗುಂಟೆಗಿಂತ ಕಡಿಮೆ. ಅಷ್ಟರಲ್ಲಿ ಕಬ್ಬು ಹಾಕಿ ಸಂಸಾರ ನಡೆಸಲು ಆಗುತ್ತದೆಯೇ? ಇದರ ಮೇಲೆ ಅರಳಿಕಟ್ಟೆಯಲ್ಲಿ ಕೂತವರು, ‘ಏನಪ್ಪಾ, ತಂಗೀರು ಸಹಿ ಹಾಕಿದ್ರಾ? ಹುಷಾರು’ ಎಂದು ದಿನಾ ಕುಟುಕುತ್ತಿರುತ್ತಾರೆ. ನಿಮ್ಮ ಅಣ್ಣನ ಕೋಪದ ಒಳಗೆ ಇರುವುದು ಹೆದರಿಕೆ. ಜೊತೆಗೆ ಸ್ವಲ್ಪ ನಾಚಿಕೆಯೂ ಇದೆ ಎಂದು ನನ್ನ ಅನುಮಾನ. ಹಕ್ಕು ಬಿಟ್ಟುಕೊಡು ಎಂದು ತಂಗಿಯ ಮುಖ ನೋಡಿ ಕೇಳುವುದು ಅವರಿಗೆ ಆಗಲಿಲ್ಲ. ‘ಖಾತೆ ಮಾಡಿಸೋಕೆ’ ಎಂದುಬಿಟ್ಟರು. ನೀವು ಓದ್ತೀನಿ ಅಂದ ಕೂಡಲೇ ಅದು ಬಯಲಾಯಿತು. ಸಿಕ್ಕಿಬಿದ್ದವರಿಗೆ ತಕ್ಷಣ ಬರುವುದು ಸಿಟ್ಟೇ.

ಆದರೆ ಅಕ್ಕಾ, ಇಲ್ಲೇ ಹೆಚ್ಚಿನ ಹೆಣ್ಣುಮಕ್ಕಳು ಎಡವುವುದು. ಅವನ ಕಷ್ಟ ಅರ್ಥವಾಯಿತು, ಪಾಪ, ಹಾಕಿಬಿಡೋಣ ಅನ್ನುತ್ತಾರೆ. ಕಷ್ಟ ಅರ್ಥವಾಗುವುದು ಬೇರೆ, ಕೇಳಿದ್ದನ್ನೆಲ್ಲ ಒಪ್ಪುವುದು ಬೇರೆ. ಅಣ್ಣನ ಹೆದರಿಕೆ ತಿಳಿದರೆ ನಿಮಗೆ ಅವರ ಮೇಲೆ ದ್ವೇಷ ಬರುವುದಿಲ್ಲ, ಅಷ್ಟೇ ಅದರ ಉಪಯೋಗ. ಸುಳ್ಳು ಹೇಳಿ ಸಹಿ ತಗೊಳ್ಳುವುದಕ್ಕೆ ಅದು ಪರವಾನಗಿ ಆಗುವುದಿಲ್ಲ.

ಅತ್ತಿಗೆ ಹೇಳಿಕೊಟ್ಟಿರಬೇಕು ಎಂದಿದ್ದೀರಿ. ನನಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ನಮ್ಮಲ್ಲಿ ಗಂಡಸು ಏನೇ ತಪ್ಪು ಮಾಡಿದರೂ ಅದಕ್ಕೊಂದು ಹೆಂಗಸನ್ನು ಹುಡುಕಿ ಹೊರೆ ಹೊರಿಸುವ ಅಭ್ಯಾಸ ಇದೆ. ಐವತ್ತರ ಆಸುಪಾಸಿನ ಗಂಡಸು ಯಾರೋ ಹೇಳಿಕೊಟ್ಟದ್ದನ್ನು ಮಾಡುವಷ್ಟು ಮುಗ್ಧನಲ್ಲ. ನಿಮ್ಮ ಅತ್ತಿಗೆಗೂ ಒಂದು ತವರು ಇದೆ. ಅವರೂ ಅಲ್ಲಿ ಇಂಥದ್ದೇ ಪತ್ರಕ್ಕೆ, ಓದದೆ, ಸೀರೆ ಉಡುಗೊರೆ ತಗೊಂಡು ಹೆಬ್ಬೆಟ್ಟು ಒತ್ತಿ ಬಂದಿರಬಹುದು. ಹಾಗೆ ಬರಿಗೈಯಲ್ಲಿ ಬಂದ ಹೆಂಗಸಿಗೆ ಗಂಡನ ಮನೆಯ ಗದ್ದೆಯೇ ಸರ್ವಸ್ವ. ನಾನು ಬಿಟ್ಟುಕೊಟ್ಟಿಲ್ವಾ, ಇವಳು ಯಾಕೆ ಬಿಡಬಾರದು ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಯಾವತ್ತಾದರೂ ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ ಕೇಳಿ ನೋಡಿ, ‘ಅತ್ತಿಗೆ, ನಿಮ್ಮ ತವರಲ್ಲಿ ಏನು ಮಾಡಿದ್ರು?’ ಅಂತ. ಕುಹಕಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿ.

ಇನ್ನು ನಿಮ್ಮ ಯಜಮಾನರು. ಬಿಡಬೇಡ ಎನ್ನುವುದು ನಿಮ್ಮ ಹಕ್ಕಿನ ಮೇಲಿನ ಕಾಳಜಿಯಿಂದ ಇದ್ದರೆ ಸಂತೋಷ. ಆದರೆ ಬಾಡಿಗೆ ಮನೆ, ಮಕ್ಕಳ ಫೀಸು ಎಂದು ಆ ಗದ್ದೆಯ ಮೇಲೆ ಅವರ ಲೆಕ್ಕವೂ ಇದ್ದರೆ, ಅದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಅಣ್ಣ ಎಳೆದ ಕಡೆಗೆ ಹೋಗದೆ, ಗಂಡ ನೂಕಿದ ಕಡೆಗೆ ಹೋದರೆ ಅದೂ ನಿಮ್ಮ ತೀರ್ಮಾನ ಆಗುವುದಿಲ್ಲ. ಒಂದು ದಿನ ಒಬ್ಬರೇ ಕೂತು ಯೋಚಿಸಿ. ನಿಮಗೆ ಏನು ಬೇಕು? ಗದ್ದೆಯಲ್ಲಿ ಪಾಲು ಬೇಕೇ? ಅದರ ಬದಲು ದುಡ್ಡೇ? ಏನೂ ಬೇಡ, ಕೇಳಿ ತಗೊಂಡಿದ್ದರೆ ಸಾಕಿತ್ತು ಅನ್ನುವುದೇ? ಇವುಗಳಲ್ಲಿ ಯಾವುದೂ ಕೀಳಲ್ಲ. ಪೂರ್ತಿ ಬಿಟ್ಟುಕೊಟ್ಟರೂ ನಿಮ್ಮ ಮಾನ ಹೋಗುವುದಿಲ್ಲ, ನಿಮ್ಮದು ಎಂದು ಗೊತ್ತಿದ್ದು ಕೊಟ್ಟರೆ. ಬಾಗಿನ ಮತ್ತೆ ಬರಲಿ, ಫೋನ್ ಮತ್ತೆ ಬರಲಿ ಎಂಬ ಆಸೆಗೆ ಮಾತ್ರ ಸಹಿ ಹಾಕಬೇಡಿ. ಸಹಿ ಹಾಕಿದರೆ ಬರುವ ಬಾಗಿನ, ನಾಳೆ ಇನ್ನೊಂದಕ್ಕೆ ನೀವು ಒಪ್ಪದಿದ್ದಾಗ ಮತ್ತೆ ನಿಲ್ಲುತ್ತದೆ.

ಅಣ್ಣನ ಹತ್ತಿರ ಮಾತಾಡಬೇಕಾದವರು ನೀವೇ. ಅಮ್ಮನ ಮೂಲಕ ಹೇಳಿಕಳಿಸಬೇಡಿ, ಆ ಜೀವ ಎರಡೂ ಕಡೆ ಸುಳ್ಳು ಹೇಳಿ ಸವೆಯುತ್ತದೆ. ‘ಅಣ್ಣಾ, ನಾನು ಜಗಳಕ್ಕೆ ಫೋನ್ ಮಾಡಿಲ್ಲ. ಪತ್ರದ ನಕಲು ಕಳಿಸು. ಓದಿಸಿ, ಒಂದು ತಿಂಗಳಲ್ಲಿ ಏನು ಅಂತ ಹೇಳ್ತೀನಿ. ಅಲ್ಲಿವರೆಗೆ ಬೇಕಾದರೆ ನಾಲ್ಕು ಜನರ ಹೆಸರಿಗೂ ಪೌತಿ ಖಾತೆ ಮಾಡಿಸು, ಅರ್ಜಿಗೆ ನನ್ನ ಸಹಿ ಬೇಕಾದ್ರೆ ಬರ್ತೀನಿ.’ ಇಷ್ಟೇ ಸಾಕು. ಅವರು ಕೂಗಾಡಿದರೆ, ‘ಸಮಾಧಾನ ಆದ ಮೇಲೆ ಮಾತಾಡೋಣ’ ಅಂದು ಫೋನ್ ಇಡಿ. ಅಳಬೇಡಿ, ಹಳೆಯದನ್ನು ಕೆದಕಬೇಡಿ. ‘ನಾಳೆ ನಿನ್ನ ಮಗಳಿಗೂ ಇದೇ ಪತ್ರ ಹಿಡಿಸ್ತೀಯಾ?’ ಎಂದು ಕೇಳುವ ಆಸೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೂ ಈಗ ಬೇಡ. ನಿಶ್ಚಿತಾರ್ಥದ ಹೊಸ್ತಿಲಲ್ಲಿರುವ ಹುಡುಗಿಯನ್ನು ನಿಮ್ಮಿಬ್ಬರ ಜಗಳಕ್ಕೆ ಎಳೆದ ಹಾಗಾಗುತ್ತದೆ.

ಪತ್ರ ಓದಿಸಲು ದುಡ್ಡು ಖರ್ಚಾಗುತ್ತದೆ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೇಸು ಹಾಕದೆಯೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಹೋಗುವಾಗ ತಂಗಿಯನ್ನೂ ಕರೆದುಕೊಂಡು ಹೋಗಿ. ಅವಳು ಒಪ್ಪಿರುವುದು ಪತ್ರ ಓದಿಯೋ, ಅಣ್ಣನಿಗೆ ಹೆದರಿಯೋ ಗೊತ್ತಿಲ್ಲ. ಅವಳ ಮನಸ್ಸು ಬದಲಾಯಿಸಲು ಹೋಗಬೇಡಿ. ತಿಳಿದುಕೊಂಡು ಒಪ್ಪಲಿ, ಅಷ್ಟೇ.

ನಿಮ್ಮ ಪತ್ರದಲ್ಲಿ ಯಾರೂ ಯೋಚಿಸದೆ ಉಳಿದಿರುವವರು ಅಮ್ಮ. ಆ ಜಮೀನಿನಲ್ಲಿ ಅವರಿಗೂ ಪಾಲಿದೆ. ಆ ಬಿಡುಗಡೆ ಪತ್ರದಲ್ಲಿ ಅವರ ಹೆಬ್ಬೆಟ್ಟಿಗೂ ಜಾಗ ಇರಬಹುದು, ನಕಲು ಬಂದಾಗ ಮೊದಲು ಅದನ್ನೇ ನೋಡಿ. ಇವತ್ತು ಅಣ್ಣ ಚೆನ್ನಾಗಿಯೇ ನೋಡಿಕೊಳ್ಳುತ್ತಿರಬಹುದು. ಆದರೂ ವಯಸ್ಸಾದ ಹೆಂಗಸು ತನ್ನದೆಲ್ಲವನ್ನೂ ಬರೆದುಕೊಟ್ಟು, ಆಮೇಲೆ ಒಂದು ಮಾತ್ರೆಗೂ ಮಗನ ಮುಖ ನೋಡುವಂತಾಗಬಾರದು. ಅವರ ಪಾಲು ಅವರ ಹೆಸರಿನಲ್ಲೇ ಇರಲಿ ಎಂದು ನೀವು ಗಟ್ಟಿಯಾಗಿ ಹೇಳಿದರೆ ತಪ್ಪಿಲ್ಲ. ಕೊಡಲೇಬೇಕು ಎಂದು ಅವರೇ ಬಯಸಿದರೆ ದಾನಪತ್ರದಲ್ಲಿ, ಕೊನೆಯವರೆಗೂ ಊಟ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತು ಬರೆಸಿ. ಹಾಗೆ ಬರೆಸಿದ್ದರೆ, ನೋಡಿಕೊಳ್ಳದೆ ಹೋದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರವನ್ನು ರದ್ದು ಮಾಡಿಸಬಹುದು. ಅವರು ‘ಹಾಕ್ಬಿಡು’ ಎನ್ನುತ್ತಿರುವುದೂ ಮಗನ ಮನೆಯಲ್ಲಿ ದಿನ ಕಳೆಯಬೇಕಾದ ಕಾರಣಕ್ಕೇ ಇರಬಹುದು. ಆ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ.

ಕೊನೆಗೆ ನಿಶ್ಚಿತಾರ್ಥ. ಹೋಗಿ. ಕರೆದವಳು ಆ ಹುಡುಗಿ, ಸಮಾರಂಭವೂ ಅವಳದು, ನೀವು ಅವಳ ಸೋದರತ್ತೆ. ಅಣ್ಣ ಕರೆಯದಿದ್ದರೂ ಅದು ಕರೆಯದೆ ಹೋದ ಹಾಗೆ ಆಗುವುದಿಲ್ಲ. ಯಜಮಾನರು, ಮಕ್ಕಳನ್ನೂ ಕರೆದುಕೊಂಡು ಹೋಗಿ, ಕೈಲಾದ ಉಡುಗೊರೆ ಕೊಡಿ. ಅಣ್ಣ ಎದುರಾದರೆ ‘ಚೆನ್ನಾಗಿದ್ದೀಯಾ?’ ಎಂದು ನೀವೇ ಮೊದಲು ಕೇಳಿ. ಉತ್ತರ ಬರದಿದ್ದರೆ ಹಿಂದೆ ಹಿಂದೆ ಹೋಗಬೇಡಿ. ಯಾರೋ ಹಿರಿಯರು ಪಂಚಾಯ್ತಿ ಮಾಡಲು ಬಂದು ಸಹಿಯ ಮಾತು ಎತ್ತಿದರೆ, ‘ಇವತ್ತು ಮಗು ಕಾರ್ಯ, ಆ ಮಾತು ಬೇಡ’ ಎಂದು ಎದ್ದುಬಿಡಿ. ಊಟ ಮಾಡಿಕೊಂಡು ಬನ್ನಿ. ಪತ್ರದ ನಕಲು ಸಿಕ್ಕಿ, ಅದರಲ್ಲಿ ಏನಾದರೂ ಅರ್ಥವಾಗದೆ ಹೋದರೆ ನಮಗೆ ಮತ್ತೆ ಬರೆಯಿರಿ.