ಚಿನ್ನ ಕೆಂಪಾದದ್ದಕ್ಕೆಲ್ಲ ಕ್ವಾಂಟಂ ಕಾರಣ ಅಲ್ಲ

ಈಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ‘ನ್ಯಾನೋ’, ‘ಕ್ವಾಂಟಂ’ ಇಲ್ಲದ್ದು ಅಪರೂಪ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅವೇ ನಾಲ್ಕೈದು. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ. ಪರಮಾಣು ಅಂದರೇನು, ಅಣು ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಒಂಬತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಕ್ವಾಂಟಂ ಅಂದರೆ ಶಕ್ತಿ ಬಿಡಿಬಿಡಿ ಪೊಟ್ಟಣಗಳಾಗಿ ಬರುವ ಅತಿ ಸಣ್ಣ ಲೋಕದ ನಿಯಮಗಳು, ಸದ್ಯಕ್ಕೆ ಇಷ್ಟು ಸಾಕು.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಮಕ್ಕಳಿಗೆ ಪರಮಾಣು, ಅಣು, ನ್ಯಾನೋ, ಕ್ವಾಂಟಂ ಎಲ್ಲದರ ಪರಿಚಯ ಮಾಡಿಸುವ ಆಸೆ. ಚಿನ್ನದ ನ್ಯಾನೋಕಣ ಕೆಂಪಗೆ ಕಾಣುವ ವಿಡಿಯೊ ತೋರಿಸಿ, ‘ನೋಡಿ, ಇದೇ ಕ್ವಾಂಟಂ’ ಅಂತ ಪಾಠ ಶುರು ಮಾಡುತ್ತೇನೆ. ಲ್ಯಾಬ್‌ನಲ್ಲಿ ಹೆಚ್ಚೇನೂ ಸಾಮಾನಿಲ್ಲ. ಈ ಕ್ರಮ ಸರಿಯೇ?

ಆಸೆ ಸರಿ, ಕ್ರಮ ತಪ್ಪು ಮೇಷ್ಟ್ರೇ. ತಪ್ಪು ನಿಮ್ಮೊಬ್ಬರದ್ದಲ್ಲ. ದೊಡ್ಡ ದೊಡ್ಡ ಕಾಲೇಜುಗಳ ಸೆಮಿನಾರಿನಲ್ಲೂ ಇದೇ ಸ್ಲೈಡ್ ನೋಡಿ ನನಗೆ ತಲೆ ಕೆಟ್ಟಿದೆ.

20 ನ್ಯಾನೋಮೀಟರ್ ಅಗಲದ ಚಿನ್ನದ ಕಣ ತಗೊಳ್ಳಿ. (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ.) ಅದರೊಳಗೆ ಸುಮಾರು ಎರಡೂವರೆ ಲಕ್ಷ ಪರಮಾಣು ಇರುತ್ತವೆ. ಅದರ ಮೇಲೆ ಬೆಳಕು ಬಿದ್ದಾಗ ಸ್ವತಂತ್ರ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಆಚೆಗೂ ಈಚೆಗೂ ತೂಗುತ್ತವೆ. ಈ ತೂಗಾಟ ಹಸಿರು ಬೆಳಕನ್ನು, ಅಂದರೆ 520 ನ್ಯಾನೋಮೀಟರ್ ಆಸುಪಾಸಿನದನ್ನು, ಚೆನ್ನಾಗಿ ಹೀರುತ್ತದೆ. ಹಸಿರು ಹೋದ ಮೇಲೆ ನಮಗೆ ಕಾಣುವುದು ಕೆಂಪು. ಫ್ಯಾರಡೆ ಇಂಥ ಕೆಂಪು ದ್ರಾವಣದ ಬಗ್ಗೆ 1857ರಲ್ಲೇ ಬರೆದರು. ಗುಸ್ತಾವ್ ಮೀ ಅದರ ಬಣ್ಣದ ಲೆಕ್ಕ ಬಿಡಿಸಿದ್ದು 1908ರಲ್ಲಿ, ಅದೂ ಕ್ವಾಂಟಂ ಸೋಂಕದ ಹಳೆಯ ಮ್ಯಾಕ್ಸ್‌ವೆಲ್ ಸಮೀಕರಣ ಇಟ್ಟುಕೊಂಡು. ಆಗ ಪರಮಾಣುವಿಗೆ ಕ್ವಾಂಟಂ ತಂದ ಬೋರ್ ಮಾದರಿಯೇ ಬಂದಿರಲಿಲ್ಲ, ಅದು ಬಂದದ್ದು 1913ರಲ್ಲಿ. ಹಾಗಿರುವಾಗ ಇದನ್ನು ಕ್ವಾಂಟಂ ಪಾಠದ ಬಾಗಿಲಲ್ಲಿ ನಿಲ್ಲಿಸುವುದು ಯಾಕೆ?

ತಮಾಷೆ ಅಂದರೆ ಚಿನ್ನದ ಬಳೆಯ ಹಳದಿ ಬಣ್ಣ ವಿವರಿಸೋಕೆ ಕ್ವಾಂಟಂ ಬೇಕು, ಜೊತೆಗೆ ಐನ್‌ಸ್ಟೈನರ ಸಾಪೇಕ್ಷತೆಯೂ ಬೇಕು. ಅದನ್ನು ಯಾರೂ ಸ್ಲೈಡಿಗೆ ಹಾಕುವುದಿಲ್ಲ. ಕಣ 2 ನ್ಯಾನೋಮೀಟರಿಗಿಂತ ಸಣ್ಣದಾದರೆ ಚಿನ್ನವೂ ನಿಜವಾಗಿ ಕ್ವಾಂಟಂ ಆಟ ಶುರು ಮಾಡುತ್ತದೆ. ಆದರೆ ಆಗ ಆ ಚಂದದ ಕೆಂಪು ಉಳಿಯುವುದಿಲ್ಲ.

ಸಣ್ಣದು ಎಂದ ತಕ್ಷಣ ಕ್ವಾಂಟಂ ಅಲ್ಲ. ಮಕ್ಕಳಿಗೆ ಮೊದಲು ‘ಎಷ್ಟು ಸಣ್ಣದು’ ಅನ್ನುವುದು ಕೈಗೆ ಸಿಗಬೇಕು. ಕೂದಲಿನ ಲಕ್ಷದ ಒಂದು ಭಾಗ ಅಂತ ಬೋರ್ಡಿನ ಮೇಲೆ ಬರೆದರೆ ಯಾರಿಗೂ ಏನೂ ಆಗುವುದಿಲ್ಲ. ಒಂದು ಅಣುವನ್ನು ಅವರ ಕೈಲೇ ಅಳೆಯಿಸಿ.

ಪ್ರಥಮ ಪಿಯು ಭೌತಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಒಲೀಕ್ ಆಮ್ಲದ ಪ್ರಯೋಗ ಇತ್ತು. ಎಲ್ಲರೂ ಲೆಕ್ಕ ಬಾಯಿಪಾಠ ಮಾಡಿದರು, ಮಾಡಿ ನೋಡಿದವರು ಕಡಿಮೆ. ಹೈಸ್ಕೂಲಿನಲ್ಲೇ ಮಾಡಬಹುದು. ಒಲೀಕ್ ಆಮ್ಲ ಅಂದರೆ ಎಣ್ಣೆಯಂಥ ದ್ರವ. ಅದರ 1 ಎಂಎಲ್‌ಗೆ ಆಲ್ಕೋಹಾಲ್ ಸೇರಿಸಿ 20 ಎಂಎಲ್ ಮಾಡಿ. ಅದರಲ್ಲಿ 1 ಎಂಎಲ್ ತೆಗೆದು ಮತ್ತೆ 20ಕ್ಕೆ ಏರಿಸಿ. ಈಗ ದ್ರಾವಣದಲ್ಲಿರುವ ಎಣ್ಣೆ 400ರಲ್ಲಿ ಒಂದು ಪಾಲು. ಬರ್ನರ್ ಹತ್ತಿರ ಇರಬಾರದು, ಅದನ್ನೂ ನಾನೇ ಹೇಳಬೇಕಾ?

ಒಂದು ಅಗಲವಾದ ಪರಾತ ತನ್ನಿ. ಸೋಪಿನ ಅಂಶ ಒಂಚೂರೂ ಉಳಿಯದ ಹಾಗೆ ಮತ್ತೆ ಮತ್ತೆ ತೊಳೆಯಿರಿ. ಸೋಪು ಉಳಿದರೆ ಪ್ರಯೋಗ ಕೆಟ್ಟಂತೆಯೇ. ನೀರು ತುಂಬಿ, ಅಲುಗಾಟ ನಿಲ್ಲುವವರೆಗೆ ಕಾಯಿರಿ. ಮೇಲೆ ಲೈಕೊಪೋಡಿಯಂ ಪುಡಿ (ಒಂದು ಗಿಡದ ನುಣುಪಾದ ಬೀಜಕಣ), ಸಿಗದಿದ್ದರೆ ಟಾಲ್ಕಂ ಪೌಡರ್ ಉದುರಿಸಿ. ನೀರಿನ ಮೇಲೆ ಮಂಜು ಕಟ್ಟಿದಷ್ಟು ತೆಳ್ಳಗೆ ಸಾಕು, ಜಾಸ್ತಿಯಾದರೆ ಪುಡಿಯೇ ಅಡ್ಡ ನಿಲ್ಲುತ್ತದೆ.

ಮೊದಲು ಬರೀ ಆಲ್ಕೋಹಾಲಿನ ಒಂದು ಹನಿ ಬಿಡಿ. ಪುಡಿ ಸರಕ್ಕನೆ ಸರಿಯುತ್ತದೆ, ಮತ್ತೆ ವಾಪಸ್ ಬಂದು ಮುಚ್ಚಿಕೊಳ್ಳುತ್ತದೆ. ಈ ಹನಿಯನ್ನು ಬಿಟ್ಟುಬಿಡುವ ಮೇಷ್ಟ್ರುಗಳೇ ಹೆಚ್ಚು. ಆಲ್ಕೋಹಾಲ್ ಮಾಡಿದ್ದೇನು, ಎಣ್ಣೆ ಮಾಡಿದ್ದೇನು ಅಂತ ಬೇರೆ ಮಾಡೋದು ಹೇಗೆ ಮತ್ತೆ? ಈಗ ದ್ರಾವಣದ ಒಂದು ಹನಿ. ಪುಡಿ ಸರಿದು ನಡುವೆ ದುಂಡಗಿನ ಕಿಟಕಿ ತೆರೆಯುತ್ತದೆ, ಈ ಸಲ ಮುಚ್ಚಿಕೊಳ್ಳುವುದಿಲ್ಲ. ಸ್ಕೇಲ್ ಹಿಡಿದು ಅಳೆಯಿರಿ.

1 ಎಂಎಲ್‌ಗೆ 50 ಹನಿ ಬಂದರೆ ಒಂದು ಹನಿಯಲ್ಲಿರುವ ಎಣ್ಣೆ 0.00005 ಎಂಎಲ್. ವೃತ್ತದ ಅಗಲ 18 ಸೆಂಟಿಮೀಟರ್ ಆಸುಪಾಸು ಬಂದರೆ ವಿಸ್ತೀರ್ಣ 250 ಚದರ ಸೆಂಟಿಮೀಟರ್ ಹತ್ತಿರ. ಭಾಗಿಸಿ. ದಪ್ಪ ಸುಮಾರು 2 ನ್ಯಾನೋಮೀಟರ್! ಐದು ರೂಪಾಯಿಯ ಸ್ಕೇಲಿನಲ್ಲಿ ಒಂದು ಅಣುವಿನ ಉದ್ದ ಅಳೆದಂತಾಯಿತು.

ಜಾಣ ಹುಡುಗಿ ಒಬ್ಬಳು ಕೇಳೇ ಕೇಳುತ್ತಾಳೆ: ‘ಅದು ಒಂದೇ ಅಣುವಿನ ಪದರ ಅಂತ ಹೇಗೆ ಗೊತ್ತು?’ ಬೈಯಬೇಡಿ, ಇಡೀ ಪಾಠದ ಜೀವ ಆ ಪ್ರಶ್ನೆ. ಹೊಸ ನೀರಿನಲ್ಲಿ ಎರಡು ಹನಿ ಬಿಡಿಸಿ. ವೃತ್ತದ ಅಗಲ 25 ಸೆಂಟಿಮೀಟರಿಗೆ ಹೋಗುತ್ತದೆ, ವಿಸ್ತೀರ್ಣ ಎರಡರಷ್ಟಾಗುತ್ತದೆ, ದಪ್ಪ ಮಾತ್ರ ಅಷ್ಟೇ. ಜಾಗ ಇದ್ದರೂ ಎಣ್ಣೆ ಅದಕ್ಕಿಂತ ತೆಳುವಾಗಿ ಹರಡೋಕೆ ಒಪ್ಪುತ್ತಿಲ್ಲ. ಪೂರ್ತಿ ಸಾಬೀತಾಯಿತು ಅಂತಲ್ಲ, ಆದರೆ ಒಂದೇ ಅಣುವಿನ ಪದರ ಅನ್ನುವ ಊಹೆಗೆ ಗಟ್ಟಿ ಆಧಾರ ಸಿಕ್ಕಿತು.

ಬೆಂಜಮಿನ್ ಫ್ರ್ಯಾಂಕ್ಲಿನ್ ಲಂಡನ್ನಿನ ಕ್ಲಾಪಂ ಕೊಳದಲ್ಲಿ ಒಂದು ಟೀ ಚಮಚ ಎಣ್ಣೆ ಸುರಿದು, ಅದು ಅರ್ಧ ಎಕರೆ ಹರಡಿತು ಅಂತ 1774ರಲ್ಲಿ ಪ್ರಕಟಿಸಿದ್ದರು. ಅಂದರೆ 20 ಗುಂಟೆ. ದಪ್ಪ ಎಷ್ಟು ಅಂತ ಅವರು ಭಾಗಿಸಿ ನೋಡಲಿಲ್ಲ. ನಿಮ್ಮ ಮಕ್ಕಳ ಕೈಲಿ ಮಾಡಿಸಿ, ಉತ್ತರ ಎರಡೂವರೆ ನ್ಯಾನೋಮೀಟರ್ ಬರುತ್ತದೆ. ಲ್ಯಾಬ್ ಇಲ್ಲ ಅಂತ ಅಳುವವರಿಗೆ ಆಗ್ನೆಸ್ ಪೊಕೆಲ್ಸ್ ಕಥೆ ಹೇಳಿ. ಜರ್ಮನಿಯ ಆ ಹೆಣ್ಣುಮಗಳು ಇಂಥ ಪದರಗಳನ್ನು ಅಡುಗೆಮನೆಯಲ್ಲೇ ಅಳೆದರು. 1891ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು.

ಇಷ್ಟರಲ್ಲಿ ಕ್ವಾಂಟಂ ಎಲ್ಲೂ ಬಂದಿಲ್ಲ, ಗಮನಿಸಿದಿರಾ? ಅದನ್ನು ಬೇರೆ ದಿನ ಮಾಡಿ. ಅದಕ್ಕೆ ಬೇಕಾದದ್ದು ಮಕ್ಕಳು ಚಾವಣಿಗೆ ಅಂಟಿಸುವ, ಕತ್ತಲಲ್ಲಿ ಹೊಳೆಯುವ ರೇಡಿಯಂ ಸ್ಟಿಕ್ಕರ್. (ಅದರಲ್ಲಿ ರೇಡಿಯಂ ಇಲ್ಲ, ಹೆದರಬೇಡಿ. ಬೈಕಿಗೆ ಅಂಟಿಸುವ ರೇಡಿಯಂ ತರಬೇಡಿ, ಅದು ಬೆಳಕನ್ನು ತಿರುಗಿಸುತ್ತದೆ ಅಷ್ಟೆ.) ರಾತ್ರಿಯೆಲ್ಲ ಡ್ರಾಯರ್‌ನಲ್ಲಿಟ್ಟು ಅದರ ಹೊಳಪು ಆರಿಸಿ. ಕತ್ತಲೆ ಕೋಣೆಯಲ್ಲಿ ಕೆಂಪು ಎಲ್‌ಇಡಿಯ ಬೆಳಕು ಹತ್ತು ನಿಮಿಷ ಬಿಡಿ. ಏನೂ ಆಗುವುದಿಲ್ಲ. ಇನ್ನೂ ನಾಲ್ಕು ಕೆಂಪು ಎಲ್‌ಇಡಿ ಸೇರಿಸಿ. ಊಹೂಂ. ಈಗ ಒಂದು ಬಡಪಾಯಿ ನೀಲಿ ಎಲ್‌ಇಡಿ ಕೆಲವು ಸೆಕೆಂಡ್ ಹಿಡಿಯಿರಿ. ಅದು ಬಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ.

ಬೆಳಕು ಪೊಟ್ಟಣಗಳಾಗಿ ಬರುತ್ತದೆ. ಕೆಂಪು ಪೊಟ್ಟಣದಲ್ಲಿರುವ ಶಕ್ತಿ ಸುಮಾರು 1.9 ಎಲೆಕ್ಟ್ರಾನ್ ವೋಲ್ಟ್ (ಇಷ್ಟು ಸಣ್ಣ ಶಕ್ತಿಯನ್ನು ಅಳೆಯುವ ಮಾನ), ನೀಲಿಯದರಲ್ಲಿ ಸುಮಾರು 2.75. ಸಣ್ಣ ಪೊಟ್ಟಣ ಎಷ್ಟು ಬಂದರೂ ಇಲ್ಲಿ ಕೂಡಿ ದೊಡ್ಡದಾಗುವುದಿಲ್ಲ. ಹಳೆಯ ಭೌತಶಾಸ್ತ್ರದ ಪ್ರಕಾರ ಜಾಸ್ತಿ ಕೆಂಪು ಬೆಳಕು ಬಿಟ್ಟರೆ ಕೆಲಸ ಆಗಲೇಬೇಕಿತ್ತು. ಆಗಲಿಲ್ಲ. ಇದು ಅಪ್ಪಟ ಕ್ವಾಂಟಂ. ಬಿಳಿ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ಮಾಡಬೇಡಿ, ನೀಲಿ ಸೋರುತ್ತದೆ. ನೀಲಿ ಎಲ್‌ಇಡಿಯನ್ನು ನೆಟ್ಟಗೆ ನೋಡಲು ಬಿಡಬೇಡಿ. ಲೇಸರ್ ಅಂತೂ ತರಗತಿಯೊಳಗೇ ಬೇಡ.

ಕೊನೆಗೆ ಗಾತ್ರ, ಕ್ವಾಂಟಂ ಎರಡೂ ಸೇರುವ ಜಾಗಕ್ಕೆ ಬನ್ನಿ: ಕ್ವಾಂಟಂ ಡಾಟ್, ಅಂದರೆ ಕೆಲವೇ ನ್ಯಾನೋಮೀಟರ್ ಅಗಲದ ಅರೆವಾಹಕದ ಹರಳು. ಕ್ಯಾಡ್ಮಿಯಂ ಸೆಲೆನೈಡ್ ಕಣ 6 ನ್ಯಾನೋಮೀಟರ್ ಇದ್ದರೆ ಕೆಂಪು ಬೆಳಕು ಸೂಸುತ್ತದೆ, 2ಕ್ಕೆ ಇಳಿದರೆ ನೀಲಿಯ ಕಡೆಗೆ ಸರಿಯುತ್ತದೆ. ವಸ್ತು ಅದೇ. ಏಕತಾರಿಯ ತಂತಿ ಗಿಡ್ಡವಾದಷ್ಟೂ ಸ್ವರ ಏರುವ ಹಾಗೆ, ಎಲೆಕ್ಟ್ರಾನನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದಷ್ಟೂ ಅದರ ಶಕ್ತಿ ಏರುತ್ತದೆ. ಒಂದು ವ್ಯತ್ಯಾಸ ಇದೆ. ತಂತಿ ಅರ್ಧವಾದರೆ ಸ್ವರದ ಆವರ್ತನ ಎರಡರಷ್ಟು, ಜಾಗ ಅರ್ಧವಾದರೆ ಎಲೆಕ್ಟ್ರಾನಿನ ಈ ಶಕ್ತಿ ನಾಲ್ಕರಷ್ಟು. ಇದನ್ನು ಕಂಡುಹಿಡಿದು, ಅಂಥ ಕಣ ಮಾಡಿ ತೋರಿಸಿದ ಎಕಿಮೊವ್, ಬ್ರೂಸ್, ಬವೆಂಡಿ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇದನ್ನು ಮಾತ್ರ ಚಿತ್ರದಲ್ಲಿ ತೋರಿಸಿ. ಆನ್‌ಲೈನಿನಲ್ಲಿ ಕಿಟ್ ಸಿಗುತ್ತದೆ ಅಂತ ಕ್ಯಾಡ್ಮಿಯಂ ತರಿಸಿದರೆ ನಿಮ್ಮ ಹೆಡ್‌ಮಾಸ್ಟರ್‌ಗೆ ನಾನೇ ಪತ್ರ ಬರೆಯುತ್ತೇನೆ. ಅದು ವಿಷ.

ಪ್ರಶ್ನೆ: ಪರಮಾಣುವಿನ ಫೋಟೋ ಅಂತ ತೋರಿಸುತ್ತಾರಲ್ಲ, ಅದು ನಿಜವೇ?

ಬೆಳಕಿನಲ್ಲಿ ಹಿಡಿದ ಫೋಟೋ ಅಲ್ಲ. ಚೂಪಾದ ಸೂಜಿಯೊಂದು ಮೇಲ್ಮೈಗೆ ತಾಗದೆ ಓಡಾಡುತ್ತದೆ. ನಡುವಿನ ಸಂದಿಯನ್ನು ಎಲೆಕ್ಟ್ರಾನುಗಳು ದಾಟುತ್ತವೆ. ಸಂದಿ 0.1 ನ್ಯಾನೋಮೀಟರ್ ಹೆಚ್ಚಾದರೆ ಕರೆಂಟು ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಅದರಿಂದ ಬಿಡಿಸಿದ ನಕ್ಷೆ ಅದು, ಬಣ್ಣ ಕಂಪ್ಯೂಟರ್ ಬಳಿದದ್ದು. 1993ರಲ್ಲಿ ತಾಮ್ರದ ಮೇಲೆ 48 ಕಬ್ಬಿಣದ ಪರಮಾಣುಗಳನ್ನು ದುಂಡಗೆ ಜೋಡಿಸಿ ಐಬಿಎಂನವರು ತೆಗೆದ ಚಿತ್ರ ನೋಡಿ. ಒಳಗೆ ಕಾಣುವ ಅಲೆಗಳು ಎಲೆಕ್ಟ್ರಾನುಗಳದ್ದು.

ಪ್ರಶ್ನೆ: ಸ್ವರ್ಣಭಸ್ಮದಲ್ಲಿ ನ್ಯಾನೋಕಣ ಇದೆಯಂತೆ. ಹಾಗಾದರೆ ಹಿಂದಿನವರಿಗೆ ಕ್ವಾಂಟಂ ಗೊತ್ತಿತ್ತು ಅಲ್ವಾ?

ಒಲೆಯ ಮಸಿಯಲ್ಲೂ ನ್ಯಾನೋಕಣ ಇದೆ.

ಪ್ರಶ್ನೆ: ನೋಡಿದ ತಕ್ಷಣ ಕಣ ಬದಲಾಗುತ್ತದೆ ಅಂತ ಒಂದು ಶಿಬಿರದಲ್ಲಿ ಹೇಳಿದರು. ಮನಸ್ಸಿನ ಶಕ್ತಿಯಿಂದ ರೋಗ ವಾಸಿ ಮಾಡಬಹುದೇ?

ನೋಡುವುದು ಉಪಕರಣ, ಮನಸ್ಸಲ್ಲ. ಶಿಬಿರಕ್ಕೆ ಕಟ್ಟಿದ ಫೀಸು ವಾಪಸ್ ಕೇಳಿ.

ಪ್ರಶ್ನೆ: ಕ್ವಾಂಟಂ ಪೆಂಡೆಂಟ್ ಹಾಕಿಕೊಂಡರೆ ಮೊಬೈಲ್ ವಿಕಿರಣ ತಡೆಯುತ್ತದೆ ಅಂತ ಮಾರುತ್ತಿದ್ದಾರೆ. ಮಗಳಿಗೆ ಹಾಕಲೇ?

ಬೇಡ! 2021ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ 10 ಸರಕುಗಳನ್ನು ಪರೀಕ್ಷಿಸಿತು. ಅವೇ ವಿಕಿರಣ ಸೂಸುತ್ತಿದ್ದವು. ಹಾಕಿಕೊಳ್ಳುವುದನ್ನು ನಿಲ್ಲಿಸಿ ಅಂತ ಜನರಿಗೆ ಎಚ್ಚರಿಕೆ ಕೊಟ್ಟಿತು. ಕುತ್ತಿಗೆಗೆ ಕಟ್ಟಿ ಹಗಲೂ ರಾತ್ರಿ ಮೈಗೆ ತಾಗಿಸಿಕೊಂಡಿರುವ ವಸ್ತು ಅದು. ಮಾರುವವನ ಹತ್ತಿರ ಪರೀಕ್ಷೆಯ ವರದಿ ಕೇಳಿ, ಮುಖ ನೋಡಿ. ಈಗಾಗಲೇ ಹಾಕಿದ್ದರೆ ಇವತ್ತೇ ತೆಗೆಯಿರಿ.

ಪ್ರಶ್ನೆ: ಮಗ ಬಿಎಸ್ಸಿ ಬಿಟ್ಟು ಆರು ತಿಂಗಳ ನ್ಯಾನೋಟೆಕ್ನಾಲಜಿ ಸರ್ಟಿಫಿಕೇಟ್ ಕೋರ್ಸಿಗೆ ಸೇರುತ್ತೇನೆ ಅನ್ನುತ್ತಾನೆ.

ಬಿಎಸ್ಸಿ ಮುಗಿಸಲಿ. ಮ್ಯಾಥ್ಸ್ ಮಾತ್ರ ಬಿಡಬಾರದು.